ಅಪ್‌ಡೇಟ್ ಆಗದ ಫೋನಿಗೆ ರೀಸೆಟ್ ಮದ್ದಲ್ಲ

ಸಂಪಾದಕರಿಗೆ ನಮಸ್ಕಾರ.

ಆಂಡ್ರಾಯ್ಡ್ ಫೋನುಗಳಲ್ಲಿ ಭದ್ರತಾ ಲೋಪ ಇದೆ, ಕೂಡಲೇ ಅಪ್‌ಡೇಟ್ ಮಾಡಿಕೊಳ್ಳಿ ಅಂತ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಆಗಾಗ ಎಚ್ಚರಿಕೆ ಕೊಡುತ್ತದೆ. ಪತ್ರಿಕೆಗಳಲ್ಲೂ ಅದು ಸುದ್ದಿಯಾಗುತ್ತದೆ. ಒಳ್ಳೆಯದೇ. ಆದರೆ ಹಾಗೆ ಒತ್ತಿದ ಅಪ್‌ಡೇಟ್ ಅರ್ಧಕ್ಕೆ ನಿಂತುಬಿಟ್ಟರೆ ಏನು ಮಾಡಬೇಕು ಅನ್ನೋದನ್ನು ಮಾತ್ರ ಯಾರೂ ಬರೆಯುವುದಿಲ್ಲ. ತಿಪಟೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುವ ನನ್ನ ಹತ್ತಿರ ಅಂಥ ಫೋನುಗಳು ದಿನಾ ಬರುತ್ತವೆ. 'ಅಪ್‌ಡೇಟ್ ವಿಫಲವಾಗಿದೆ' ಅಂತ ಒಂದು ಸಾಲು ತೋರಿಸಿ ಫೋನ್ ಸುಮ್ಮನಾಗಿರುತ್ತದೆ, ತಂದವರ ಮುಖದಲ್ಲಿ ಗಾಬರಿ ಇರುತ್ತದೆ. ಎಷ್ಟೋ ಜನ ಅಷ್ಟರಲ್ಲಿ ಯಾರದೋ ಮಾತು ಕೇಳಿ ರೀಸೆಟ್ ಮಾಡಿಸಿ, ಅಂದರೆ ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದರ ಹಾಗೆ ಮಾಡಿಸಿ, ಇದ್ದಬದ್ದ ಫೋಟೊಗಳನ್ನೆಲ್ಲ ಕಳೆದುಕೊಂಡೇ ಬಂದಿರುತ್ತಾರೆ. ಅದನ್ನು ನೋಡಿ ನೋಡಿ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೂ ದಯವಿಟ್ಟು ಪ್ರಕಟಿಸಿ.

ಹೆಚ್ಚಿನ ಸಲ ಕಾರಣ ಬಹಳ ಸಣ್ಣದು. ಫೋನಿನಲ್ಲಿ ಜಾಗ ಇರುವುದಿಲ್ಲ, ಅಷ್ಟೇ. ಆಂಡ್ರಾಯ್ಡ್ 14ರಿಂದ 15ಕ್ಕೆ ಹೋಗುವಂಥ ದೊಡ್ಡ ಅಪ್‌ಡೇಟ್ ಎರಡು ಮೂರು ಜಿಬಿ ಇರಬಹುದು, ತಿಂಗಳ ಭದ್ರತಾ ಅಪ್‌ಡೇಟ್ ಸಾಮಾನ್ಯವಾಗಿ ಕೆಲವು ನೂರು ಎಂಬಿಯಲ್ಲಿ ಮುಗಿಯುತ್ತದೆ. ಆದರೆ ಫೈಲ್ ಇಳಿದರೆ ಕೆಲಸ ಮುಗಿಯಲಿಲ್ಲ. ಅದನ್ನು ಬಿಚ್ಚಿ ಹೊಸ ಸಿಸ್ಟಮ್ ಕಟ್ಟಿಕೊಳ್ಳಲು ಫೋನಿಗೆ ಮತ್ತಷ್ಟು ಜಾಗ ಬೇಕು. ಮೂರು ಜಿಬಿ ಫೈಲಿಗೆ ಮೂರೂವರೆ ಜಿಬಿ ಖಾಲಿ ಇಟ್ಟುಕೊಂಡು, ಜಾಗ ಇದೆಯಲ್ಲ, ಮತ್ತೆ ಯಾಕೆ ಆಗ್ತಿಲ್ಲ ಅಂತ ಜನ ಕೇಳುತ್ತಾರೆ. ನಾನು ಹೇಳುವುದು, ಎಂಟು ಹತ್ತು ಜಿಬಿಯಾದರೂ ಖಾಲಿ ಮಾಡಿ, ಆಮೇಲೆ ಒತ್ತಿ ಅಂತ. ಮೆಮೊರಿ ಕಾರ್ಡಿನಲ್ಲಿ ಎಷ್ಟು ಜಾಗ ಇದ್ದರೂ ಅದು ಈ ಲೆಕ್ಕಕ್ಕೆ ಬರುವುದಿಲ್ಲ, ಫೋನಿನ ಒಳಗಿನ ಜಾಗವೇ ಬೇಕು. ಕಾರ್ಡ್ ಇದ್ದರೆ ಫೋಟೊಗಳನ್ನು ಅದಕ್ಕೆ ಸಾಗಿಸಿ ಒಳಗೆ ಖಾಲಿ ಮಾಡಿಕೊಳ್ಳಬಹುದು.

ಆ ಜಾಗವನ್ನು ತಿಂದಿರುವುದು ಬಹುಪಾಲು ವಾಟ್ಸಾಪ್. ಶುಭೋದಯದ ಚಿತ್ರಗಳು, ಮದುವೆ ವಿಡಿಯೊಗಳು, ನಾಲ್ಕು ಗ್ರೂಪಿನಿಂದ ನಾಲ್ಕು ಸಲ ಬಂದ ಅದೇ ವಿಡಿಯೊ. ವಾಟ್ಸಾಪ್ ಸೆಟ್ಟಿಂಗ್ಸ್ ತೆರೆದು ಸ್ಟೋರೇಜ್ ಅಂಡ್ ಡೇಟಾ, ಅದರೊಳಗೆ ಮ್ಯಾನೇಜ್ ಸ್ಟೋರೇಜ್ ಅಂತ ಹೋದರೆ 5 ಎಂಬಿಗಿಂತ ದೊಡ್ಡ ಫೈಲುಗಳೆಲ್ಲ ಒಂದೇ ಕಡೆ ಸಿಗುತ್ತವೆ. ಬೇಕಾದ್ದು ಉಳಿಸಿಕೊಂಡು ಉಳಿದಿದ್ದನ್ನು ಅಲ್ಲಿಂದಲೇ ಅಳಿಸಬಹುದು. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಗ್ಯಾಲರಿಯಲ್ಲಿ ಅಳಿಸಿದ ಫೋಟೊ ತಕ್ಷಣ ಹೋಗುವುದಿಲ್ಲ, ಟ್ರ್ಯಾಶ್‌ನಲ್ಲಿ ಸುಮಾರು ಒಂದು ತಿಂಗಳು ಕೂತಿರುತ್ತದೆ. ಅದನ್ನೂ ಖಾಲಿ ಮಾಡದಿದ್ದರೆ ಒಂದು ಎಂಬಿ ಜಾಗವೂ ವಾಪಸ್ ಬರಲ್ಲ.

ಎರಡನೆಯದು ನೆಟ್. ನಮ್ಮ ಕಡೆ ಬಹಳ ಜನರದ್ದು ದಿನಕ್ಕೆ ಒಂದೂವರೆ ಜಿಬಿಯ ಪ್ಲಾನ್. ಎರಡು ಜಿಬಿ ಅಪ್‌ಡೇಟ್ ಇಳಿಸೋಕೆ ಕೂತರೆ ನಡುವೆಯೇ ಆ ದಿನದ ಡೇಟಾ ಮುಗಿದು ವೇಗ 64 ಕೆಬಿಪಿಎಸ್‌ಗೆ ಬೀಳುತ್ತದೆ. ಆಮೇಲೆ ಶೇಕಡ 70ಕ್ಕೋ 80ಕ್ಕೋ ಬಂದು ನಿಂತುಬಿಡುತ್ತದೆ. ಫೋನ್ ಕೆಟ್ಟಿದೆ ಅಂತ ಜನ ಅಂದುಕೊಳ್ಳುತ್ತಾರೆ, ಅದು ಕೆಟ್ಟಿರುವುದಿಲ್ಲ. ಮನೆಯಲ್ಲೋ ನೆಂಟರ ಮನೆಯಲ್ಲೋ ವೈಫೈ ಇದ್ದರೆ ಅಲ್ಲಿ ಹಾಕಿ. ಇಲ್ಲದಿದ್ದರೆ ಡೇಟಾ ಹೊಸದಾಗಿ ಸಿಗುವ ರಾತ್ರಿ ಹನ್ನೆರಡರ ನಂತರ ಚಾರ್ಜಿಗೆ ಹಾಕಿ ಬಿಡಿ. ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಇರಲಿ, ಕಡಿಮೆ ಇದ್ದರೆ ಎಷ್ಟೋ ಫೋನುಗಳು ಇನ್‌ಸ್ಟಾಲ್ ಶುರುವೇ ಮಾಡುವುದಿಲ್ಲ.

ಫೋನಿನ ತಾರೀಖು, ಸಮಯ ತಪ್ಪಿದ್ದರೂ ಅಪ್‌ಡೇಟ್ ಆಗುವುದಿಲ್ಲ, ಯಾಕೆಂದರೆ ಸರ್ವರಿನ ಪ್ರಮಾಣಪತ್ರ ಸರಿ ಇದೆಯಾ ಅಂತ ಫೋನ್ ನೋಡುವುದು ಆ ತಾರೀಖಿನ ಆಧಾರದ ಮೇಲೆ. ಸಮಯವನ್ನು ಆಟೊಮ್ಯಾಟಿಕ್‌ಗೆ ಇಡಿ. ಜಾಹೀರಾತು ತಡೆಯಲು ನೆಟ್ಟಿನ ದಾರಿ ಬದಲಿಸುವ ಪ್ರೈವೇಟ್ ಡಿಎನ್‌ಎಸ್ ಅಥವಾ ವಿಪಿಎನ್ ಹಾಕಿಕೊಂಡಿದ್ದರೆ ಅದನ್ನೂ ಸ್ವಲ್ಪ ಹೊತ್ತು ತೆಗೆದು ನೋಡಿ. ಬೂಟ್‌ಲೋಡರ್ (ಆನ್ ಮಾಡಿದಾಗ ಸಿಸ್ಟಮ್ಮನ್ನು ಎಬ್ಬಿಸುವ ಪ್ರೋಗ್ರಾಂ) ಅನ್‌ಲಾಕ್ ಮಾಡಿ ರೂಟ್ ಮಾಡಿದ, ಅಂದರೆ ಕಂಪನಿಯ ಬೀಗ ತೆಗೆದು ಒಳಗಿನ ಸಿಸ್ಟಮ್ಮನ್ನೇ ಬದಲಿಸುವ ಹಾಗೆ ಮಾಡಿಕೊಂಡ ಫೋನಿಗೆ ಕಂಪನಿಯ ಮಾಮೂಲಿ ಅಪ್‌ಡೇಟ್ ಕೂರದೇ ಇರುವುದು ಸಹಜ. ಹಳೆಯ ಸಿಸ್ಟಮ್ ಇದ್ದ ಹಾಗೇ ಇದೆಯಾ ಅಂತ ಅದು ಮೊದಲು ತಾಳೆ ನೋಡುತ್ತದೆ, ಒಂದು ಫೈಲ್ ಬದಲಾಗಿದ್ದರೂ ನಿಲ್ಲಿಸಿಬಿಡುತ್ತದೆ.

ಅಪ್‌ಡೇಟ್ ಫೇಲಾಯಿತು ಅಂದಾಕ್ಷಣ ಫೋನ್ ಸತ್ತಿತು ಅಂತ ಭಯಪಡುವ ಕಾಲ ಹೋಗಿದೆ ಅನ್ನೋದನ್ನು ಜನರಿಗೆ ಹೇಳಲೇಬೇಕು. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಒಂದು ಒಳ್ಳೆಯ ವ್ಯವಸ್ಥೆ ಇದೆ. ಎರಡು ಕೋಣೆಯ ಮನೆ ಅಂದುಕೊಳ್ಳಿ, ಒಂದರಲ್ಲಿ ನೀವು ವಾಸ ಇರುವಾಗಲೇ ಇನ್ನೊಂದನ್ನು ರಿಪೇರಿ ಮಾಡುತ್ತಾರೆ, ಮುಗಿದ ಮೇಲೆ ನೀವು ಅಲ್ಲಿಗೆ ಹೋಗುತ್ತೀರಿ, ಅದು ಸರಿ ಇಲ್ಲದಿದ್ದರೆ ಮೊದಲಿನ ಕೋಣೆಗೇ ವಾಪಸ್. ಫೋನಿನಲ್ಲೂ ಹಾಗೇ, ಹೊಸ ಸಿಸ್ಟಮ್ ಬೂಟ್ ಆಗದಿದ್ದರೆ ಹಳೆಯದೇ ತಾನಾಗಿ ಎದ್ದು ಬರುತ್ತದೆ. 2020ರ ಆಂಡ್ರಾಯ್ಡ್ 11ರಲ್ಲಿ ಇದನ್ನೇ ಕಡಿಮೆ ಜಾಗದಲ್ಲಿ ಮಾಡುವ ಹಾಗೆ ಬದಲಿಸಿದರು. ಎಲ್ಲ ಕಂಪನಿಗಳೂ ಇದನ್ನು ಒಂದೇ ಸಲ ತರಲಿಲ್ಲ. ಸ್ಯಾಮ್‌ಸಂಗ್ ಬಹಳ ತಡವಾಗಿ, 2024ರ ಗ್ಯಾಲಕ್ಸಿ ಎ55ರಿಂದ ಶುರು ಮಾಡಿತು. ಹಾಗಾಗಿ ಹಳೆಯ ಫೋನುಗಳಲ್ಲಿ ಅಪ್‌ಡೇಟ್ ನಡೆಯುವಾಗ ಪರದೆಯ ಮೇಲೆ ಶೇಕಡಾವಾರು ಓಡುತ್ತಿದ್ದರೆ ದಯವಿಟ್ಟು ಪವರ್ ಬಟನ್ ಒತ್ತಬೇಡಿ. ಕಡಿಮೆ ಬೆಲೆಯ ಫೋನಿನಲ್ಲಿ ಮೊದಲ ಸಲ ಆನ್ ಆಗೋಕೆ ಕಾಲು ಗಂಟೆಯೂ ಹಿಡಿಯಬಹುದು. ಕಾಯಿರಿ. ಅರ್ಧ ಗಂಟೆ ಕಳೆದರೂ ಲೋಗೋದಲ್ಲೇ ನಿಂತಿದ್ದರೆ ಆಗ ಪವರ್ ಮತ್ತು ವಾಲ್ಯೂಮ್ ಕಡಿಮೆ ಮಾಡುವ ಬಟನ್ ಎರಡನ್ನೂ ಹತ್ತಿಪ್ಪತ್ತು ಸೆಕೆಂಡ್ ಒಟ್ಟಿಗೆ ಹಿಡಿದು ರೀಸ್ಟಾರ್ಟ್ ಮಾಡಿ ನೋಡಿ, ಸ್ಯಾಮ್‌ಸಂಗ್ ಫೋನುಗಳಲ್ಲಿ ಇದು ಕೆಲಸ ಮಾಡುತ್ತದೆ, ಬೇರೆ ಕಂಪನಿಗಳಲ್ಲಿ ಒತ್ತುವ ಬಟನ್ ಬೇರೆ ಇರಬಹುದು.

ಈಗ ರೀಸೆಟ್ ವಿಷಯ. ನನಗೆ ಹೆಚ್ಚು ಸಂಕಟ ಆಗುವುದು ಇಲ್ಲೇ.

ಈಚೆಗೆ ಒಬ್ಬ ಅಂಗನವಾಡಿ ಕಾರ್ಯಕರ್ತೆ ಬಂದಿದ್ದರು. ಅಪ್‌ಡೇಟ್ ಆಗುತ್ತಿಲ್ಲ ಅನ್ನೋ ಸೂಚನೆ ದಿನಾ ಬರುತ್ತಿತ್ತಂತೆ. ಬೇರೆಲ್ಲೋ ತೋರಿಸಿದ್ದಕ್ಕೆ, ಸಾಫ್ಟ್‌ವೇರ್ ಹೋಗಿದೆ, ರೀಸೆಟ್ ಮಾಡಿದರೆ ಸರಿಹೋಗುತ್ತೆ ಅಂತ ಕೂತಲ್ಲೇ ಮಾಡಿಕೊಟ್ಟಿದ್ದಾರೆ, ಬ್ಯಾಕಪ್ ಇದೆಯಾ ಅಂತ ಒಂದು ಮಾತೂ ಕೇಳಿಲ್ಲ. ಆನ್ ಮಾಡಿದರೆ ಫೋನ್ ಹಳೆಯ ಜಿಮೇಲ್ ಐಡಿ, ಪಾಸ್‌ವರ್ಡ್ ಕೇಳುತ್ತಿದೆ. ಆ ಐಡಿ ಮಾಡಿಕೊಟ್ಟವನು ಫೋನ್ ಮಾರಿದ ಅಂಗಡಿಯ ಹುಡುಗ. ಪಾಸ್‌ವರ್ಡ್ ಏನು ಅಂತ ಆ ಅಮ್ಮನಿಗೆ ಯಾವತ್ತೂ ಗೊತ್ತಿರಲಿಲ್ಲ, ರಿಕವರಿಗೆ ಕೊಟ್ಟಿದ್ದ ನಂಬರೂ ಅವರದ್ದಲ್ಲ. ಮೊಮ್ಮಗಳ ನಾಮಕರಣದ ಫೋಟೊಗಳು, ತೀರಿಹೋದ ಯಜಮಾನರ ದನಿ ಇದ್ದ ವಾಟ್ಸಾಪ್ ವಾಯ್ಸ್ ಮೆಸೇಜುಗಳು, ಎಲ್ಲ ಅದರಲ್ಲೇ ಇದ್ದವು. "ಹೇಗಾದರೂ ಮಾಡಿ ತೆಗೆದುಕೊಡಪ್ಪಾ" ಅಂತ ಅವರು ಕೇಳಿದಾಗ, ಆಗಲ್ಲಮ್ಮ ಅಂತ ಹೇಳದೆ ಬೇರೆ ದಾರಿ ಇರಲಿಲ್ಲ.

ಯಾಕೆ ಆಗಲ್ಲ ಅಂದರೆ, ಆಂಡ್ರಾಯ್ಡ್ 10 ಮತ್ತು ಅದರ ನಂತರದ ಆವೃತ್ತಿಯ ಜೊತೆ ಮಾರುಕಟ್ಟೆಗೆ ಬಂದ ಫೋನುಗಳಲ್ಲಿ ಒಳಗಿನ ಡೇಟಾ ಎನ್‌ಕ್ರಿಪ್ಟ್ ಆಗಿರಲೇಬೇಕು, ಅಂದರೆ ಕೀಲಿ ಇಲ್ಲದೆ ಓದಲಾಗದ ರೂಪದಲ್ಲಿ ಇರಬೇಕು ಅಂತ ನಿಯಮ ಇದೆ. ರೀಸೆಟ್ ಮಾಡಿದಾಗ ಅದನ್ನು ಬಿಚ್ಚುವ ಕೀಲಿಯೇ ಅಳಿಸಿಹೋಗುತ್ತದೆ. ಮೆಮೊರಿಯಲ್ಲಿ ಏನೇ ಉಳಿದಿದ್ದರೂ ಅದು ಓದೋಕೆ ಬರದ ಕಸ. ಡೇಟಾ ವಾಪಸ್ ತರುತ್ತೇವೆ ಅಂತ ಸಾವಿರಾರು ರೂಪಾಯಿ ಕೇಳುವವರನ್ನು ನಂಬಬೇಡಿ. ಜಿಮೇಲ್ ಕೇಳುವ ಆ ಬೀಗ 2015ರ ಆಂಡ್ರಾಯ್ಡ್ 5.1ರಿಂದ ಇದೆ, ಕಳ್ಳರಿಗೆ ಫೋನ್ ಉಪಯೋಗಕ್ಕೆ ಬಾರದಿರಲಿ ಅಂತ ಮಾಡಿದ್ದು. ತಮ್ಮ ಐಡಿ ತಮಗೇ ಗೊತ್ತಿಲ್ಲದವರಿಗೆ ಅದು ಅಷ್ಟೇ ಗಟ್ಟಿಯಾಗಿ ಅಡ್ಡ ನಿಲ್ಲುತ್ತದೆ. ಇವತ್ತೇ ನಿಮ್ಮ ತಂದೆ ತಾಯಿಯ ಫೋನ್ ತೆಗೆದು ಯಾವ ಜಿಮೇಲ್ ಇದೆ, ಪಾಸ್‌ವರ್ಡ್ ಏನು, ರಿಕವರಿ ನಂಬರ್ ಯಾರದ್ದು ಅಂತ ನೋಡಿ ಒಂದು ಪುಸ್ತಕದಲ್ಲಿ ಬರೆದಿಡಿ. ವಾಟ್ಸಾಪ್ ಬ್ಯಾಕಪ್ ಗೂಗಲ್ ಡ್ರೈವ್‌ಗೆ ಹೋಗುತ್ತಿದೆಯಾ ಅಂತಲೂ ನೋಡಿ. 2024ರಿಂದ ಅದನ್ನೂ 15 ಜಿಬಿ ಉಚಿತ ಜಾಗದ ಲೆಕ್ಕಕ್ಕೇ ಸೇರಿಸಿದ್ದಾರೆ, ಆ ಜಾಗ ತುಂಬಿದ್ದರೆ ಬ್ಯಾಕಪ್ ನಿಂತುಹೋಗಿರುತ್ತದೆ, ನಮಗೆ ಗೊತ್ತೇ ಆಗಿರುವುದಿಲ್ಲ.

ವಿಡಿಯೊ ನೋಡಿಕೊಂಡು ಮನೆಯಲ್ಲೇ ರಿಕವರಿ ಮೋಡ್‌ಗೆ (ಫೋನ್ ಪೂರ್ತಿ ಆನ್ ಆಗುವ ಮೊದಲೇ ತೆರೆಯುವ ರಿಪೇರಿ ಮೆನು) ಹೋಗುವ ಹುಡುಗರಿಗೂ ಒಂದು ಮಾತು. ಅಲ್ಲಿ 'ವೈಪ್ ಕ್ಯಾಶ್ ಪಾರ್ಟಿಶನ್' ಅಂತ ಒಂದು ಸಾಲು ಇರುತ್ತದೆ, ಅದು ತಾತ್ಕಾಲಿಕ ಫೈಲುಗಳನ್ನಷ್ಟೇ ಅಳಿಸುತ್ತದೆ, ಫೋಟೊಗಳಿಗೆ ಏನೂ ಆಗುವುದಿಲ್ಲ. ಎಷ್ಟೋ ಫೋನುಗಳಲ್ಲಿ ಅದರ ಪಕ್ಕದ ಸಾಲೇ 'ವೈಪ್ ಡೇಟಾ, ಫ್ಯಾಕ್ಟರಿ ರೀಸೆಟ್'. ಅಲ್ಲಿ ಮೇಲೆ ಕೆಳಗೆ ಹೋಗುವುದು ವಾಲ್ಯೂಮ್ ಬಟನ್ನಿನಿಂದ, ಬೆರಳು ಒಂದು ಸಲ ತಪ್ಪಿದರೆ ಎಲ್ಲ ಹೋಯಿತು. ಹೊಸ ಫೋನುಗಳಲ್ಲಿ ಆ ಕ್ಯಾಶ್ ಸಾಲು ಹಲವು ಸಲ ಇರುವುದೇ ಇಲ್ಲ, ಹುಡುಕಬೇಡಿ.

ರೀಸೆಟ್‌ಗಿಂತ ಮೊದಲು ಮಾಡಬಹುದಾದ್ದು ಬೇಕಾದಷ್ಟಿದೆ. ಶಿಯೋಮಿ, ರೆಡ್ಮಿ, ಪೋಕೊ ಫೋನುಗಳಲ್ಲಿ ಅಪ್‌ಡೇಟ್ ಪುಟದ ಮೇಲ್ತುದಿಯ ಮೂರು ಚುಕ್ಕೆ ಒತ್ತಿದರೆ 'ಡೌನ್‌ಲೋಡ್ ಲೇಟೆಸ್ಟ್ ಪ್ಯಾಕೇಜ್' ಅಂತ ಇರುತ್ತದೆ. ಮಾಮೂಲಿ ಅಪ್‌ಡೇಟ್ ಬರೀ ಬದಲಾದ ಭಾಗವನ್ನು ತರುತ್ತದೆ, ಇದು ಪೂರ್ತಿ ಸಿಸ್ಟಮ್ಮನ್ನೇ ತರುತ್ತದೆ, ಹಾಗಾಗಿ ಮೊದಲನೆಯದು ಕೂರದಿದ್ದಾಗ ಇದು ಎಷ್ಟೋ ಸಲ ಕೂರುತ್ತದೆ. ಸ್ಯಾಮ್‌ಸಂಗ್ ಆದರೆ ಕಂಪ್ಯೂಟರಿಗೆ ಆ ಕಂಪನಿಯದೇ ಸ್ಮಾರ್ಟ್ ಸ್ವಿಚ್ ಅನ್ನೋ ಪ್ರೋಗ್ರಾಂ ಹಾಕಿಕೊಂಡು ಕೇಬಲ್ ಚುಚ್ಚಿ ಅಪ್‌ಡೇಟ್ ಮಾಡಬಹುದು. ಗೂಗಲ್ಲಿನದೇ ಫೋನಾದ ಪಿಕ್ಸೆಲ್‌ಗೆ ಪೂರ್ತಿ ಫೈಲುಗಳನ್ನು ಗೂಗಲ್ ತಾನೇ ಬಹಿರಂಗವಾಗಿ ಇಟ್ಟಿದೆ. ಹೊಸದು ಇಷ್ಟವಾಗಲಿಲ್ಲ, ಹಳೆಯದಕ್ಕೆ ಹೋಗುತ್ತೇನೆ ಅಂತ ಕೆಲವರು ಬರುತ್ತಾರೆ. ಅದು ಎಲ್ಲ ಸಲ ಆಗುವ ಕೆಲಸ ಅಲ್ಲ. 2022ರ ಆಗಸ್ಟಿನಲ್ಲಿ ಆಂಡ್ರಾಯ್ಡ್ 13 ಹಾಕಿದ ಪಿಕ್ಸೆಲ್ 6 ಫೋನುಗಳು ಮತ್ತೆ 12ಕ್ಕೆ ಹೋಗದ ಹಾಗೆ ಗೂಗಲ್ಲೇ ಬಾಗಿಲು ಹಾಕಿತ್ತು, ಹಳೆಯ ಬೂಟ್‌ಲೋಡರಿನಲ್ಲಿ ಭದ್ರತಾ ದೋಷ ಇತ್ತು ಅನ್ನೋ ಕಾರಣಕ್ಕೆ.

ತಪ್ಪು ಕಂಪನಿಯ ಕಡೆಯೂ ಆಗಬಹುದು. 2024ರ ಜನವರಿಯಲ್ಲಿ ಬಂದ ಒಂದು ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್ ಆದ ಮೇಲೆ ಕೆಲವು ಪಿಕ್ಸೆಲ್ ಫೋನುಗಳಲ್ಲಿ ಸ್ವಂತ ಫೋಟೊಗಳೇ ತೆರೆಯಲಿಲ್ಲ. ಮೊದಲು ಕೊಟ್ಟ ಪರಿಹಾರಕ್ಕೆ ಕಂಪ್ಯೂಟರ್ ಜೋಡಿಸಿ ಕಮಾಂಡ್ ಹೊಡೆಯಬೇಕಿತ್ತು. ಅಂಥದ್ದನ್ನು ನಮ್ಮ ಹಳ್ಳಿಯ ಹೆಣ್ಣುಮಗಳೊಬ್ಬರು ಮಾಡೋಕಾಗುತ್ತಾ? ಹಾಗಾಗಿ ದೊಡ್ಡ ಅಪ್‌ಡೇಟ್ ಬಂದಾಗ ಮೊದಲು ಬ್ಯಾಕಪ್ ಮಾಡಿ, ಒಂದೆರಡು ವಾರ ಕಾದು ಹಾಕಿ ಅಂತ ನಾನು ಹೇಳುತ್ತೇನೆ. ತಿಂಗಳ ಭದ್ರತಾ ಅಪ್‌ಡೇಟಿಗೆ ಮಾತ್ರ ಕಾಯಬೇಡಿ.

ಇನ್ನು ಅಪ್‌ಡೇಟ್ ಹೆಸರಿನ ಮೋಸ. ವಾಟ್ಸಾಪಿನಲ್ಲಿ ಎಪಿಕೆ ಫೈಲ್ (ಒತ್ತಿದರೆ ಆ್ಯಪ್ ಇನ್‌ಸ್ಟಾಲ್ ಆಗುವ ಫೈಲ್) ಕಳಿಸಿ, ಆರ್‌ಟಿಒ ಚಲನ್, ಪಿಎಂ ಕಿಸಾನ್ ಅಂತ ನಂಬಿಸಿ ಖಾತೆ ಖಾಲಿ ಮಾಡುವುದು ಈಗ ಎಲ್ಲರಿಗೂ ಗೊತ್ತಿರುವ ವಂಚನೆ. 'ಸಿಸ್ಟಮ್ ಅಪ್‌ಡೇಟ್' ಅನ್ನೋ ಹೆಸರಿನಲ್ಲೂ ಅಂಥವು ಬರುತ್ತವೆ. ಅಪ್‌ಡೇಟ್ ಆಗದೆ ಬೇಸತ್ತವರು ಇದನ್ನು ಸುಲಭವಾಗಿ ಒತ್ತಿಬಿಡುತ್ತಾರೆ. ನಿಜವಾದ ಸಿಸ್ಟಮ್ ಅಪ್‌ಡೇಟ್ ವಾಟ್ಸಾಪಿನಲ್ಲೋ ಎಸ್ಸೆಮ್ಮೆಸ್ ಲಿಂಕಿನಲ್ಲೋ ಬರುವುದಿಲ್ಲ, ಫೋನಿನ ಸೆಟ್ಟಿಂಗ್ಸ್‌ನಲ್ಲೇ ಬರುತ್ತದೆ.

ಕೊನೆಯದಾಗಿ, ಇದು ಫೇಲಾದ ಅಪ್‌ಡೇಟಿಗಿಂತ ದೊಡ್ಡ ಸಮಸ್ಯೆ. ಎಷ್ಟೋ ಫೋನುಗಳಲ್ಲಿ ಅಪ್‌ಡೇಟ್ ಒತ್ತಿದರೆ 'ನಿಮ್ಮ ಸಿಸ್ಟಮ್ ಅಪ್ ಟು ಡೇಟ್ ಆಗಿದೆ' ಅಂತ ಹಸಿರು ಗುರುತು ತೋರಿಸುತ್ತದೆ. ಅಬೌಟ್ ಫೋನ್‌ಗೆ ಹೋಗಿ ಭದ್ರತಾ ಅಪ್‌ಡೇಟಿನ ತಾರೀಖು ನೋಡಿದರೆ ಎರಡು ಮೂರು ವರ್ಷ ಹಳೆಯದು. ಕಂಪನಿ ಆ ಮಾಡೆಲ್ ಕೈಬಿಟ್ಟಿರುತ್ತದೆ, ಫೋನ್ ಮಾತ್ರ ಎಲ್ಲ ಸರಿ ಇದೆ ಅನ್ನುತ್ತಿರುತ್ತದೆ. ಆ ಫೋನಿನಲ್ಲೇ ಜನ ಯುಪಿಐ ಬಳಸುತ್ತಿದ್ದಾರೆ, ಪಿಂಚಣಿ ಹಣ ನೋಡುತ್ತಿದ್ದಾರೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಭದ್ರತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಕೊಡುತ್ತೇವೆ ಅಂತ ಕಂಪನಿ ಹೇಳಲೇಬೇಕು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಬಂದ ನಿಯಮದ ಪ್ರಕಾರ, ಒಂದು ಮಾಡೆಲ್ ಮಾರುಕಟ್ಟೆಗೆ ಬರುವುದು ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಸಿಗಬೇಕು. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24ರಂಥ ದುಬಾರಿ ಫೋನುಗಳಿಗೆ 7 ವರ್ಷದ ಭರವಸೆ ಕೊಟ್ಟಿದ್ದಾರೆ. ಹತ್ತು ಹನ್ನೆರಡು ಸಾವಿರದ ಫೋನ್ ಕೊಳ್ಳುವ ನಮ್ಮ ರೈತರಿಗೆ, ಕೂಲಿ ಮಾಡುವವರಿಗೆ ಆ ಭಾಗ್ಯ ಇಲ್ಲ. ಎಷ್ಟು ವರ್ಷ ಸಿಗುತ್ತದೆ ಅಂತ ಕೊಳ್ಳುವಾಗ ಅವರಿಗೆ ಹೇಳುವವರೂ ಇಲ್ಲ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ, 1915 ಸಹಾಯವಾಣಿಯೂ ಇದೆ. ವಾರಂಟಿ ಇರುವ ಫೋನ್ ಕಂಪನಿಯ ಅಪ್‌ಡೇಟಿನಿಂದಲೇ ಕೆಟ್ಟಿದ್ದರೆ, ಸರ್ವಿಸ್ ಸೆಂಟರಿನವರು ಬೋರ್ಡ್ ಹೋಗಿದೆ, ದುಡ್ಡು ಕೊಡಿ ಅಂದರೆ ಸುಮ್ನೆ ಕೊಟ್ಟು ಬರಬೇಡಿ. ಫೋನ್ ತೆಗೆದುಕೊಳ್ಳುವಾಗ ಅವರು ಬರೆದುಕೊಡುವ ಜಾಬ್ ಶೀಟಿನಲ್ಲಿ 'ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದು' ಅಂತ ಬರೆಸಿಕೊಂಡು 1915ಕ್ಕೆ ದೂರು ಕೊಡಿ. ಇಲಾಖೆಗೂ ಫೋನ್ ಕಂಪನಿಗಳಿಗೂ ನನ್ನ ಬೇಡಿಕೆ ಎರಡೇ. ಅಪ್‌ಡೇಟ್ ಫೇಲಾದಾಗ 'ಜಾಗ ಸಾಲದು, ಇನ್ನೂ ಇಷ್ಟು ಜಿಬಿ ಬೇಕು' ಅಂತ ಕಾರಣವನ್ನು ಕನ್ನಡದಲ್ಲಿ ಪರದೆಯ ಮೇಲೆ ತೋರಿಸಲಿ. ಫೋನಿನ ಬಾಕ್ಸಿನ ಮೇಲೆ, ಎಂಆರ್‌ಪಿ ಪಕ್ಕದಲ್ಲೇ, ಭದ್ರತಾ ಅಪ್‌ಡೇಟ್ ಯಾವ ವರ್ಷದ ಯಾವ ತಿಂಗಳವರೆಗೆ ಸಿಗುತ್ತದೆ ಅನ್ನೋದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಲಿ.

ಇಂತಿ,
ಮೊಬೈಲ್ ರಿಪೇರಿ ಕೆಲಸದ ಓದುಗ,
ತಿಪಟೂರು