ಆ ತುಕ್ಕನ್ನು ಮುಟ್ಟಬೇಡ

ಚಿ. ಸುಹಾಸನಿಗೆ ಸೋದರಮಾವನ ಆಶೀರ್ವಾದಗಳು.

ತಾತನ ಜಪಾನಿ ಕತ್ತಿ ಬರ್ಮಾದಿಂದ ಬಂದ ಕಥೆ ನಿನಗೂ ಗೊತ್ತು, ಅದು ಬಿಡು. ಅದು ಅಸಲಿಯೋ ಅಲ್ಲವೋ ನೋಡಲು ‘ಹಿಡಿ ಬಿಚ್ಚಿ, ಒಳಗಿನ ತುಕ್ಕಿಗೆ ಹುಣಸೆಹಣ್ಣು ಹಾಕಿ ಉಜ್ಜುತ್ತೇನೆ’ ಅಂತ ಬರೆದಿದ್ದೀಯಲ್ಲ, ಆ ಸಾಲು ಓದಿದಾಗಿನಿಂದ ಮನಸ್ಸು ತಡೆಯುತ್ತಿಲ್ಲ. ಉಜ್ಜಬೇಡ ಮಾರಾಯ.

ಹಿಡಿಯೊಳಗೆ ಸೇರಿರುವ ಅಲಗಿನ ಬಾಲಕ್ಕೆ ಜಪಾನಿಗಳು ನಕಾಗೊ ಅನ್ನುತ್ತಾರೆ. ಕತ್ತಿಯ ವಯಸ್ಸು ಹೇಳುವುದೇ ಅದರ ತುಕ್ಕು. ನೂರಾರು ವರ್ಷದ್ದಾದರೆ ಕಪ್ಪಿಗೆ ತಿರುಗಿದ ಕಂದು, ಕೈಗೆ ನುಣುಪು. ಎರಡನೇ ಮಹಾಯುದ್ಧದ ಕಾಲದ್ದಾದರೆ ತೆಳು ಕಂದು, ನಡುನಡುವೆ ಉಕ್ಕಿನ ಬಣ್ಣ. ಆಸಿಡ್ ಹಾಕಿ ಹಳತು ಮಾಡಿದ್ದರೆ ಕಿತ್ತಳೆ ಪುಡಿ ಬೆರಳಿಗೆ ಅಂಟುತ್ತದೆ. ಕಮ್ಮಾರನ ಸಹಿ ಇದ್ದರೆ ಗೀರಿನ ಒಳಗೂ ಹೊರಗೂ ತುಕ್ಕು ಒಂದೇ ಬಗೆ ಇರಬೇಕು. ಹೊರಗೆ ಕಪ್ಪು, ಗೀರಿನೊಳಗೆ ಹೊಳಪು ಅಂದರೆ ಸಹಿ ಆಮೇಲೆ ಕೆತ್ತಿದ್ದು. ನೀನು ಉಜ್ಜಿದರೆ ಎರಡೂ ಹೊಳೆಯುತ್ತವೆ, ಅಸಲಿಯೇ ಇದ್ದರೂ ಸಾಕ್ಷಿ ಹೋಯಿತು. ನಾನೂ ಒಮ್ಮೆ ಉಜ್ಜಿ ಕೆಟ್ಟವನೇ. ಆ ಮಾತು ಬೇಡ.

ಬಿಚ್ಚುವ ಅಗತ್ಯವೇ ಇಲ್ಲದಿರಬಹುದು. ಹಿಡಿಯ ಹೆಣಿಗೆ ನಿಜವಾದ ದಾರದ್ದೋ, ಲೋಹದಲ್ಲಿ ಎರಕ ಹೊಯ್ದು ಬಣ್ಣ ಬಳಿದದ್ದೋ ನೋಡು. ಎರಕವಾದರೆ ಅದು ಹವಾಲ್ದಾರ್ ದರ್ಜೆಯವರಿಗೆ ಕೊಡುತ್ತಿದ್ದ 1935ರ ಮಾದರಿ. ಅಲಗು ಕಾರ್ಖಾನೆಯದು, ಸಹಿ ಹುಡುಕಬೇಡ. ಹಿಡಿಯ ಹತ್ತಿರ ಅಲಗಿನ ಮೇಲೆ ನಂಬರ್ ಒತ್ತಿರುತ್ತದೆ, ಒರೆಯ ಬಾಯಿಯ ಬಳಿಯೂ ಅದೇ ನಂಬರ್. ಹೊಂದದಿದ್ದರೆ ಗಾಬರಿಯಾಗಬೇಡ, ಒರೆ ಅದಲುಬದಲಾಗಿದ್ದೂ ಉಂಟು. ಅಂಕಿಗಳು ಸೊಟ್ಟಗಿದ್ದು, ಎರಕದ ಹೆಣಿಗೆಯ ಏಣು ಮಂಕಾಗಿದ್ದರೆ ಮಾತ್ರ ಅನುಮಾನಪಡು.

ದಾರದ್ದಾದರೆ ಹೆಚ್ಚಾಗಿ ಅಧಿಕಾರಿಯದು, 1934 ಅಥವಾ 1938ರ ಮಾದರಿ. ದಾರದ ಸಂದಿನಲ್ಲಿ ತೊರಕೆ ಮೀನಿನ ಚರ್ಮ ಕಾಣಬೇಕು. ಗುಳ್ಳೆಗಳೆಲ್ಲ ಒಂದೇ ಅಳತೆಯಾದರೆ ಪ್ಲಾಸ್ಟಿಕ್. ಯುದ್ಧದ ಕೊನೆಯಲ್ಲಿ ಸೆಲ್ಯುಲಾಯ್ಡನ್ನೂ ಬಳಸಿದರು, ಹಾಗಾಗಿ ಇದೊಂದರಿಂದಲೇ ತೀರ್ಮಾನ ಬೇಡ.

ಬಿಚ್ಚಲೇಬೇಕೆಂದರೆ ಹಿಡಿಯನ್ನು ಅಲಗಿಗೆ ಬಿಗಿದ ಬಿದಿರಿನ ಆಣಿಯ ಸಣ್ಣ ತುದಿಗೆ ಮರದ ಕಡ್ಡಿ ಇಟ್ಟು ಮೆಲ್ಲಗೆ ತಟ್ಟು. ಆಮೇಲೆ ಎಡಗೈಯಲ್ಲಿ ಹಿಡಿಯ ತುದಿ ಹಿಡಿದು, ಅಲಗು ಮೇಲೆ ಮಾಡಿ, ಬಲಮುಷ್ಟಿಯಿಂದ ಎಡ ಮಣಿಕಟ್ಟಿಗೆ ಗುದ್ದು, ಅಲಗು ಸಡಿಲವಾಗುತ್ತದೆ. ಹಿಡಿಗೂ ಅಲಗಿಗೂ ನಡುವೆ ಎಷ್ಟು ಬಿಲ್ಲೆ, ಯಾವುದು ಯಾವುದರ ಮೇಲೆ ಎಂದು ಮೊದಲೇ ಬರೆದಿಟ್ಟುಕೋ. ಇಷ್ಟು ದೂರ ಕೂತು ಹೇಳುವುದು ಅಧಿಕಪ್ರಸಂಗವೇನೋ. ಆದರೂ ಬಾಲಕ್ಕೆ ಒಣಬಟ್ಟೆ ಬಿಟ್ಟು ಬೇರೇನೂ ತಾಗಿಸಬೇಡ, ಎಣ್ಣೆಯನ್ನೂ. ಎಣ್ಣೆ ಅಲಗಿಗೆ ಮಾತ್ರ. ಹೊಲಿಗೆ ಯಂತ್ರದ್ದು ಎರಡು ಹನಿ ಸಾಕು.

ಬಾಲದ ಒಂದು ಬದಿಯಲ್ಲಿ ಶೋವಾ ವರ್ಷ (ಆಗಿನ ಜಪಾನಿ ಚಕ್ರವರ್ತಿಯ ಕಾಲದ ಎಣಿಕೆ) ಇದ್ದರೆ 1925 ಕೂಡಿಸು: ಶೋವಾ 18 ಅಂದರೆ 1943. ಜಪಾನಿನಲ್ಲಿ ಕತ್ತಿಗೆ ಹೆಸರಾದ ಸೆಕಿ ಊರಿನ ಪುಟ್ಟ ಮುದ್ರೆ ಇದ್ದರೆ ಸಾಮಾನ್ಯವಾಗಿ ಹಳೆಯ ಕ್ರಮ ಬಿಟ್ಟು ಮಾಡಿದ ಯುದ್ಧಕಾಲದ ಅಲಗು. ಅದೂ ಅಸಲಿಯೇ, ಬೆಲೆ ಕಡಿಮೆ ಅಷ್ಟೆ. ನಕ್ಷತ್ರದ ಮುದ್ರೆ ಇದ್ದರೆ ಸೈನ್ಯ ಒಪ್ಪಿದ ಕಮ್ಮಾರ ಹಳೆಯ ಕ್ರಮದಲ್ಲೇ ಬಡಿದದ್ದು.

ಅಕ್ಷರ ಕಾಣದಿದ್ದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆದು ಕಳಿಸು. ಓದಿಸುವ ಹೊಣೆ ನನ್ನದು. ಹುಣಸೆಹಣ್ಣನ್ನು ಅಕ್ಕನ ಕೈಗೆ ಕೊಡು, ಸಾರಿಗಾಗುತ್ತದೆ.

ನಿನ್ನ ಮಾವ