ಜೂನ್ ಪುಟ, ಜನವರಿ ಪುಟ

ಪ್ರೀತಿಯ ಪುಟ್ಟಿ,

ನಿನ್ನ ನೋಟ್‌ಬುಕ್ ಮೊನ್ನೆ ಬಂತು. 200 ಪುಟದ್ದು, ಮುಕ್ಕಾಲು ತುಂಬಿದೆ, ರಟ್ಟಿನ ಮೇಲೆ ಚೊಗರಿನ, ಅಂದರೆ ಅಡಿಕೆ ರಸದ ಕಲೆ. ಒಂಬತ್ತನೇ ಕ್ಲಾಸು ಶುರುವಾದ ಜೂನ್‌ನಿಂದ ಈ ಬೇಸಿಗೆ ರಜೆಯವರೆಗೆ ಓದಿದ್ದು, ಬರೆದಿದ್ದು ಎಲ್ಲ ಅದರಲ್ಲಿದೆ. ‘ನಾನು ಬರಹಗಾರ್ತಿ ಆಗ್ತೀನಾ, ಓದಿ ಹೇಳಿ’ ಅಂತ ಚೀಟಿ ಬೇರೆ ಇಟ್ಟಿದ್ದೀಯ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಮಾರಾಯ್ತಿ. ಮೂವತ್ತು ವರ್ಷ ಬರೆದ ನನಗೇ ಕೆಲವು ದಿನ ಬೆಳಗ್ಗೆ ಅನುಮಾನ ಬರುತ್ತದೆ. ಆದರೆ ನಿನ್ನ ಎರಡು ಪುಟಗಳನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದೆ. ಅದರ ಬಗ್ಗೆ ಹೇಳಬಲ್ಲೆ.

ಮೊದಲನೆಯದು ಜೂನ್ ತಿಂಗಳದ್ದು. ‘ಮುಂಗಾರು ಮಳೆಯು ಭೂತಾಯಿಗೆ ಹಸಿರು ಸೀರೆಯನ್ನು ಉಡಿಸಿ ರೈತನ ಮೊಗದಲ್ಲಿ ಮಂದಹಾಸ ಮೂಡಿಸಿತು.’ ಕಾಗುಣಿತ ಸರಿ ಇದೆ, ವ್ಯಾಕರಣವೂ ಸರಿ. ಆದರೆ ನೀನು ಸಿದ್ದಾಪುರದ ಹುಡುಗಿ, ಅಪ್ಪನದು ಅಡಿಕೆ ತೋಟ. ಬಿಡದೆ ಸುರಿಯುವ ಮಳೆಗೆ ಅಡಿಕೆ ತೋಟದವರ ಮುಖದಲ್ಲಿ ಎಲ್ಲಿಯ ಮಂದಹಾಸ? ಮೈಲುತುತ್ತು, ಸುಣ್ಣ ತಂದಿಟ್ಟುಕೊಂಡು, ಒಂದು ದಿನ ಹೊಳವಾದರೆ ಔಷಧಿ ಹೊಡೆಸಬಹುದಿತ್ತು, ಇಲ್ಲದಿದ್ದರೆ ಕೊಳೆರೋಗ ಬಂದು ಕಾಯೆಲ್ಲ ಉದುರುತ್ತದೆ ಅಂತ ಅಂಗಳದಲ್ಲಿ ನಿಂತು ಆಕಾಶ ನೋಡುವ ಮನುಷ್ಯ ನಿನ್ನ ಮನೆಯಲ್ಲೇ ಇದ್ದ. ಅವನನ್ನು ಬಿಟ್ಟು ಗೈಡಿನಲ್ಲಿರುವ ರೈತನ ಬಗ್ಗೆ ಬರೆದೆ.

ಬೇಜಾರಾಗಬೇಡ. ನಾನೂ ಇದನ್ನೇ ಮಾಡಿದವನು. ಇಪ್ಪತ್ತರ ವಯಸ್ಸಲ್ಲಿ ಒಂದು ವಾರಪತ್ರಿಕೆಗೆ ಕಥೆ ಕಳಿಸಿದ್ದೆ. ಬೆಟ್ಟ, ಮಂಜು, ಒಂಟಿ ಬಂಗಲೆ, ಪಿಯಾನೋ. ಪಿಯಾನೋವನ್ನು ನಾನು ಕಣ್ಣಾರೆ ಕಂಡಿರಲೇ ಇಲ್ಲ! ನಾನೇ ಸ್ಟಾಂಪ್ ಹಚ್ಚಿ ಇಟ್ಟಿದ್ದ ಕವರಿನಲ್ಲಿ ಕಥೆ ವಾಪಸ್ ಬಂತು. ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಒಂದೇ ಸಾಲು: ‘ಈ ಊರು ಎಲ್ಲಿದೆ?’ ಎರಡು ವರ್ಷ ಸಿಟ್ಟು ಮಾಡಿಕೊಂಡಿದ್ದೆ.

ಎರಡನೆಯದು ಜನವರಿ ಪುಟ. ರಾತ್ರಿ ಅಡಿಕೆ ಸುಲಿಯುವುದು. ಮೆಟ್ಟುಗತ್ತಿ ಮಣೆ ಮೇಲೆ ಸಾಲಾಗಿ ಕೂತ ಹೆಂಗಸರು, ಒಂದೇ ಬಲ್ಬು, ಚೊಗರು ಹಿಡಿದು ಕಪ್ಪಾದ ಬೆರಳನ್ನು ಮರುದಿನ ಕ್ಲಾಸಿನಲ್ಲಿ ಬೆಂಚಿನ ಕೆಳಗೆ ಇಟ್ಟುಕೊಂಡಿದ್ದು. ನೀನು ಮೊದಲ ಸಲ ಸುಲಿಯೋಕೆ ಕೂತಾಗ ಅಜ್ಜಿ ಹೇಳಿದ ಮಾತನ್ನು ಮೊದಲು ‘ಕತ್ತಿ ನೋಡಬೇಡ, ಅಡಿಕೆ ನೋಡು’ ಅಂತ ಬರೆದಿದ್ದೀಯ. ಆಮೇಲೆ ‘ನೋಡಬೇಡ’ ಹೊಡೆದು ಹಾಕಿ, ಮೇಲೆ ಸಣ್ಣಕ್ಷರದಲ್ಲಿ ಅಜ್ಜಿ ಆಡುವ ಹಾಗೇ ‘ನೋಡಡ’ ಅಂತ ತಿದ್ದಿದ್ದೀಯ. ಆ ಗೀಟಿನ ಮೇಲೆ ಬೆರಳಿಟ್ಟುಕೊಂಡು ಸುಮ್ನೆ ಕೂತಿದ್ದೆ. ಇಡೀ ವರ್ಷದಲ್ಲಿ ನೀನು ಮಾಡಿದ ದೊಡ್ಡ ಕೆಲಸ ಅದೇ.

ಕುವೆಂಪು ಮೊದಮೊದಲು ಇಂಗ್ಲಿಷ್‌ನಲ್ಲಿ ಪದ್ಯ ಬರೆಯುತ್ತಿದ್ದದ್ದು, 1922ರಲ್ಲಿ ಅದರದೊಂದು ಪುಸ್ತಕವೂ ಬಂದದ್ದು, ಆಮೇಲೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ‘ನಿಮ್ಮ ಭಾಷೆಯಲ್ಲೇ ಬರೆಯಿರಿ’ ಎಂದದ್ದು ನಿಮ್ಮ ಮೇಷ್ಟ್ರು ಹೇಳಿಯೇ ಇರುತ್ತಾರೆ. ಎಲ್ಲರೂ ಹೇಳುತ್ತಾರೆ. ನನಗೆ ಆ ಕಥೆಯಲ್ಲಿ ಕಾಡುವುದು ಬೇರೆ ಪ್ರಶ್ನೆ. ನಮ್ಮ ಭಾಷೆ ಅಂದರೆ ಕನ್ನಡ ಅಂತ ಅಷ್ಟೇನಾ? ನಿನ್ನ ಜೂನ್ ಪುಟವೂ ಕನ್ನಡದ್ದೇ ಅಲ್ವಾ. ಆದರೆ ಅದು ಯಾರ ಮನೆಯ ಕನ್ನಡ?

ಜೂನ್ ಪುಟದಿಂದ ಜನವರಿ ಪುಟಕ್ಕೆ ಆದ ಈ ಬದಲಾವಣೆ ಎಲ್ಲಿ ಆಯಿತು ಅಂತ ಹುಡುಕಿದೆ. ದಸರಾ ರಜೆಯಲ್ಲಿ ಸಿಕ್ಕಿತು. ಪಂಚಾಯತಿಯ ಗ್ರಂಥಾಲಯ, ಅದೇ ಅರಿವು ಕೇಂದ್ರದಿಂದ ತಂದ ಕಥೆ ಪುಸ್ತಕದ ಒಂದು ಪುಟವನ್ನು ಹಾಗೇ ಕೈಯಲ್ಲಿ ನಕಲು ಮಾಡಿ, ಕೆಳಗೆ ‘ಇವರು ಎಷ್ಟು ಬೇಗ ಪುಲ್‌ಸ್ಟಾಪ್ ಇಡ್ತಾರೆ!’ ಅಂತ ಬರೆದಿದ್ದೀಯ. ಅಲ್ಲಿಯವರೆಗೆ ನೀನು ಕಥೆಯಲ್ಲಿ ಮುಂದೇನಾಯ್ತು ಅಂತ ಓದುತ್ತಿದ್ದೆ. ಅವತ್ತು ಬರೆದವರ ಕೈ ನೋಡಿದೆ. ಒಂದು ದಪ್ಪ ಕಾದಂಬರಿಯನ್ನು 80ನೇ ಪುಟಕ್ಕೆ ಬಿಟ್ಟೆ ಅಂತ ನಾಚಿಕೊಂಡು ಬರೆದಿದ್ದೀಯಲ್ಲ, ಅದೆಲ್ಲ ಏನೂ ತೊಂದರೆ ಇಲ್ಲ. ನಾನೂ ಬಿಡುತ್ತೇನೆ. ಯಾಕೆ ಬಿಟ್ಟೆ ಅಂತ ಒಂದು ಸಾಲು ಬರೆದಿಟ್ಟರೆ ಸಾಕು, ಕೆಲವನ್ನು ಐದು ವರ್ಷ ಬಿಟ್ಟು ತೆಗೆದರೆ ಪುಸ್ತಕವೇ ಬೇರೆ ಆಗಿರುತ್ತದೆ.

ನಿಘಂಟು ನೋಡುವ ಅಭ್ಯಾಸ ಮಾಡಿಕೋ. ಕಷ್ಟದ ಪದಕ್ಕಲ್ಲ, ಮನೆಯಲ್ಲಿ ಆಡುವ ಪದಕ್ಕೆ. ಕಿಟ್ಟೆಲ್ ನಿಘಂಟು ಬಂದದ್ದು 1894ರಲ್ಲಿ, ಸಾಹಿತ್ಯ ಪರಿಷತ್ತಿನದು 8 ಸಂಪುಟ. ಎರಡರಲ್ಲೂ ‘ಚೊಗರು’ ಹುಡುಕು, ‘ಒಗರು’ ಜೊತೆ ಅದಕ್ಕೇನಾದರೂ ನಂಟಿದೆಯಾ ನೋಡು. ಅಜ್ಜಿ ಆಡುವ ಪದ ಅಲ್ಲಿ ಸಿಕ್ಕರೆ ಖುಷಿ. ಸಿಗದಿದ್ದರೆ ಇನ್ನೂ ಖುಷಿ, ಬರೆದಿಡುವ ಕೆಲಸ ನಿನ್ನ ಪಾಲಿಗೆ ಬಂತು.

ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಪ್ರಬಂಧಕ್ಕೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಕೇಳುತ್ತಾರೆ, ಕೊಡು. ಪ್ರಥಮ ಭಾಷೆಗೆ 125 ಅಂಕ, ಅದರ ಜೊತೆ ಜಗಳ ಆಡಬೇಡ. ಆದರೆ ಆ ಉಪಸಂಹಾರವನ್ನು ನೋಟ್‌ಬುಕ್ಕಿಗೆ ತರಬೇಡ. ಡಿಸೆಂಬರಿನ ಬೆಕ್ಕಿನ ಕಥೆ ಎಷ್ಟು ಚೆನ್ನಾಗಿತ್ತು! ಕೊನೆಗೆ ‘ಆದ್ದರಿಂದ ನಾವೆಲ್ಲರೂ ಪ್ರಾಣಿಗಳನ್ನು ಪ್ರೀತಿಸಬೇಕು’ ಅಂತ ಬಾಲ ಅಂಟಿಸಿ ಕೆಡಿಸಿದೆ. ಬೆಕ್ಕಿಗೆ ಬಾಲ ಮೊದಲೇ ಇತ್ತು.

ಎಲ್ಲಾದರೂ ಅಚ್ಚಾಗಬೇಕು ಅನ್ನುವ ಆಸೆ ತಪ್ಪಲ್ಲ. ಇನ್ನೊಂದು ವರ್ಷ ತಡಿ, ಅಷ್ಟೇ.

ಕೊನೆಗೊಂದು ದೂರು. ಮಾರ್ಚ್ ಪುಟದಲ್ಲಿ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ಬಗ್ಗೆ ಶುರು ಮಾಡಿದ್ದೀಯ. ಒಂದು ಮರದ ತುದಿಯಿಂದಲೇ ಪಕ್ಕದ ಮರಕ್ಕೆ ದಾಟುವಾಗ ಮರ ಬಿಲ್ಲಿನಂತೆ ಬಾಗಿದ್ದು, ನೀನು ಕೆಳಗೆ ಕಣ್ಣು ಮುಚ್ಚಿಕೊಂಡಿದ್ದು. ಅಲ್ಲಿಂದಲೇ ಅವನು ಅಜ್ಜಿಗೆ ಏನೋ ಕೂಗಿ ಹೇಳಿದ, ಅಜ್ಜಿ ನಕ್ಕರು ಅಂತ ಬರೆದು ನಿಲ್ಲಿಸಿದ್ದೀಯ. ಮುಂದಿನ ಪುಟ ಖಾಲಿ. ಅವನು ಏನಂದ? ಅವನು ಅಂದ ಹಾಗೇ ಬರೆದು ಕಳಿಸು.

ನಿನ್ನ,
ಅಜ್ಜನ ಗೆಳೆಯ