ಗೋಡೆ ಹಾರಿ ಬಂದ ಚಿಕ್ಕಪ್ಪ

ಹಿಲ್ಲರಾಡ್, ಡೆನ್ಮಾರ್ಕ್
ಜನವರಿ 12

ಅಮ್ಮನಿಗೆ ಸುಮಾ ಮಾಡುವ ನಮಸ್ಕಾರಗಳು.

ನಾವು ಮೂವರೂ ಕ್ಷೇಮ. ನಿನ್ನ ಕಾಗದವನ್ನು ಪುಟ್ಟಿ ಫೋಟೊ ತೆಗೆದು ಕಳಿಸಿದಳು. ನಾಲ್ಕು ಸಲ ಓದಿದೆ. ಎರಡು ಪುಟ ಅವರೆಕಾಯಿ ರೇಟು, ಒಂದು ಪುಟ ರಾಜಮ್ಮತ್ತೆ ಮಂಡಿನೋವು, ಕೊನೆಗೆ ಮೂಲೆಯಲ್ಲಿ ಸಣ್ಣಕ್ಷರದಲ್ಲಿ "ನಿಮ್ಮಪ್ಪ ಬಚ್ಚಲಲ್ಲಿ ಜಾರಿದರು, ಏನೂ ಆಗಿಲ್ಲ." ಏನೂ ಆಗದಿದ್ದರೆ ಬಲಗೈಗೆ ಪಟ್ಟಿ ಯಾಕಮ್ಮಾ? ಅಣ್ಣ ಎಲ್ಲ ಹೇಳಿದ. ಮಣಿಕಟ್ಟಿನ ಮೂಳೆಯಲ್ಲಿ ಬಿರುಕು, ಸೊಂಟಕ್ಕೆ ಏಟು. ಸೊಂಟದ ಮೂಳೆ ಮುರಿದಿಲ್ಲ ಅನ್ನೋದೇ ಪುಣ್ಯ.

ಫೋನಿನಲ್ಲಿ ಮಾತಾಡಿದರೆ ನೀನು ಅಳುತ್ತೀಯ, ಅಣ್ಣ ಕೂಗುತ್ತಾನೆ, ಅಪ್ಪ "ಬಿಲ್ಲು ಏರುತ್ತೆ, ಇಡು" ಅನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪುಟ್ಟಿ ಕೈಲಿ ಓದಿಸು. ಚಿಕ್ಕಪ್ಪನ ವಿಷಯ ಬಂದ ಕಡೆ ಜೋರಾಗಿ ಓದಲಿ, ಗೋಡೆಯಾಚೆ ಕೇಳಿಸಲಿ.

ಅಣ್ಣನ ಪ್ಲಾನು ಕೇಳಿ ಎರಡು ರಾತ್ರಿ ನಿದ್ದೆ ಇಲ್ಲ. ಮಾವಿನ ತೋಪು ಮಾರುತ್ತಾನಂತೆ. ತನ್ನ ಅಪಾರ್ಟ್‌ಮೆಂಟಿನಲ್ಲೇ ಇನ್ನೊಂದು ಫ್ಲಾಟ್ ತಗೊಂಡು ನಿಮ್ಮಿಬ್ಬರನ್ನೂ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಾನಂತೆ. ನಾಲ್ಕನೇ ಮಹಡಿ. ಅವನ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿ ಹನ್ನೊಂದಕ್ಕೆ ಕಾರು ಹತ್ತಿ ಓಡಿ ಬಂದವನು ಅವನು, ನಾನಲ್ಲ. ಆದರೆ ತೋಪು ಒಂದು ಸುತ್ತು ಹಾಕಿ ಬರದಿದ್ದರೆ ಕಾಫಿ ಗಂಟಲಲ್ಲಿ ಇಳಿಯದ ಮನುಷ್ಯ ಅಪ್ಪ. ಅವರನ್ನು ಬಾಲ್ಕನಿಯಲ್ಲಿ ಕೂರಿಸಿದರೆ ಏನು ಮಾಡುತ್ತಾರೆ? ಕೆಳಗೆ ಹೋಗುವ ಕಾರು ಎಣಿಸುತ್ತಾರೆ.

ಮಾರುವ ಮಾತು ಒಂದೆರಡು ತಿಂಗಳು ಬಿಡಿ. ಯಾಕೆ ಅಂತ ಹೇಳುತ್ತೇನೆ, ನಗಬೇಡಿ.

ಹೋದ ಗುರುವಾರ ಆಫೀಸಿನ ಒಬ್ಬಾಕೆ ಊಟಕ್ಕೆ ಕರೆದಿದ್ದಳು. ಅವಳಿರೋದು ಇಪ್ಪತ್ತನಾಲ್ಕು ಮನೆಗಳ ಒಂದು ಗುಂಪಿನಲ್ಲಿ. ಮನೆಗಳೆಲ್ಲ ಒಂದಕ್ಕೊಂದು ಮುಖ ಮಾಡಿವೆ, ನಡುವೆ ಓಡಾಡೋಕೆ ದಾರಿ. ಕಾರುಗಳನ್ನೆಲ್ಲ ಹೊರಗಡೆ ಒಂದು ಮೂಲೆಗೆ ತಳ್ಳಿದ್ದಾರೆ. ಮಧ್ಯದಲ್ಲಿ ಎಲ್ಲರಿಗೂ ಸೇರಿದ ಒಂದು ದೊಡ್ಡ ಮನೆ. ಅಲ್ಲಿ ದೊಡ್ಡ ಅಡುಗೆಮನೆ, ಬಟ್ಟೆ ಒಗೆಯೋ ಮೆಷಿನ್‌ಗಳು, ನೆಂಟರು ಬಂದರೆ ಮಲಗೋಕೆ ಎರಡು ರೂಮು. ನಾನು ಹೋದಾಗ ಎಂಬತ್ತು ದಾಟಿದ ಒಬ್ಬ ತಾತ ವಾಕರ್ ಪಕ್ಕಕ್ಕಿಟ್ಟು, ಸ್ಟೂಲಿನ ಮೇಲೆ ಕೂತು ಕ್ಯಾರೆಟ್ ಹೆಚ್ಚುತ್ತಿದ್ದರು. ಅವತ್ತು ಅವರ ಸರದಿ. ಹೊರಗೆ ಆ ಚಳಿಯಲ್ಲಿ ಎರಡು ಕೂಸುಗಳು ತಳ್ಳುಗಾಡಿಯಲ್ಲಿ ನಿದ್ದೆ ಮಾಡುತ್ತಿದ್ದವು. ಗಾಬರಿ ಬೀಳಬೇಡ. ಇಲ್ಲಿ ಎಲ್ಲರೂ ಹಾಗೇ ಮಲಗಿಸುತ್ತಾರೆ, ಬೆಚ್ಚಗೆ ಸುತ್ತಿ. ನಮ್ಮ ಚಿನ್ನುನ ನಾನು ಮಲಗಿಸಲಿಲ್ಲ. (ಡೇ ಕೇರ್‌ನವರು ಮಲಗಿಸುತ್ತಿದ್ದರು. ಚೆನ್ನಾಗೇ ಇದ್ದಾಳೆ.)

ಈ ತರಹದ್ದನ್ನು ಮೊದಲು ಕಟ್ಟಿದ್ದು ನಾವಿರುವ ಈ ಊರಿನ ಹತ್ತಿರವೇ, 1972ರಲ್ಲಿ. ಹೆಸರು ಸೆಟ್ಟೆಡಾಮೆನ್. ಅಪ್ಪ ಯಾವುದೋ ಸೆಟ್ಟರು ಕಟ್ಟಿಸಿದ ಡ್ಯಾಮು ಅಂದುಕೊಂಡಾರು! 27 ಮನೆ, ಇವತ್ತಿಗೂ ಜನ ಇದ್ದಾರೆ. ಅದಕ್ಕೂ ಮೊದಲು 1964ರಲ್ಲೇ ಯಾನ್ ಗುಡ್ಮಂಡ್ ಹೋಯರ್ ಅನ್ನೋ ಆರ್ಕಿಟೆಕ್ಟ್ ಗೆಳೆಯರನ್ನು ಕಟ್ಟಿಕೊಂಡು ಬೇರೆ ಕಡೆ ಇಂಥದ್ದೇ ಮಾಡೋಕೆ ಹೊರಟಿದ್ದರಂತೆ. ಅಕ್ಕಪಕ್ಕದವರು ತಕರಾರು ತೆಗೆದು ನಿಲ್ಲಿಸಿಬಿಟ್ಟರು. ತಕರಾರು ನಮ್ಮ ಕೋಲಾರದವರ ಸ್ವತ್ತು ಅಂದುಕೊಂಡಿದ್ದೆ. ಆಮೇಲೆ 1967ರಲ್ಲಿ ಬೋದಿಲ್ ಗ್ರೋ ಅನ್ನೋ ಹೆಂಗಸು, ಮಕ್ಕಳಿಗೆ ನೂರು ಜನ ಅಪ್ಪ ಅಮ್ಮ ಇರಬೇಕು ಅಂತ ಪೇಪರಿಗೆ ಬರೆದಳು. ಅದನ್ನು ಓದಿ ಜನ ಒಟ್ಟು ಸೇರಿದರಂತೆ. ನಮ್ಮೂರಲ್ಲಿ ನನ್ನನ್ನು ಬೈಯೋಕೇ ನೂರು ಜನ ಇದ್ದರು, ಯಾರೂ ಪೇಪರಿಗೆ ಬರೆಯಲಿಲ್ಲ.

"ಇದೇನು ಹೊಸದು, ನಮ್ಮ ಕೂಡು ಕುಟುಂಬ ತಾನೆ" ಅನ್ನುತ್ತೀಯ. ಅಲ್ಲಮ್ಮ. ನಮ್ಮ ಮನೇಲಿ ಜಗಳ ಹುಟ್ಟಿದ್ದೆಲ್ಲ ಒಲೆ ಮುಂದೆ. ಯಾರ ತಟ್ಟೆಗೆ ತುಪ್ಪ ಜಾಸ್ತಿ ಬಿತ್ತು ಅಂತ ಶುರುವಾಗಿ, ನಾನು ಏಳನೇ ಕ್ಲಾಸಿಗೆ ಬರೋ ಹೊತ್ತಿಗೆ ಅಂಗಳದ ಮಧ್ಯೆ ಗೋಡೆ ಎದ್ದಿತ್ತು. ಇಲ್ಲಿ ಪ್ರತಿ ಮನೆಗೂ ಅದರದೇ ಒಲೆ, ಅದರದೇ ಬೀಗ, ಅದರದೇ ಲೆಕ್ಕ. ವಾರಕ್ಕೆ ಮೂರು ಸಂಜೆ ಮಾತ್ರ ಒಟ್ಟಿಗೆ ಊಟ. ಬರೋರು ಬರಬಹುದು, ಬೇಡದವರು ಬಾಗಿಲು ಹಾಕಿಕೊಂಡು ಮನೇಲೇ ಉಣ್ಣಬಹುದು, ಯಾರೂ ಮುಖ ಊದಿಸಿಕೊಳ್ಳೋದಿಲ್ಲ. ಗಂಡಸರಿಗೂ ಅಡುಗೆ ಸರದಿ ಇದೆ. ಅಪ್ಪ ಕೋಲು ಹಿಡಿದು ಮುದ್ದೆ ತಿರುವುವುದನ್ನು ನೆನೆಸಿಕೊಂಡು ಬಸ್ಸಿನಲ್ಲಿ ಒಬ್ಬಳೇ ನಕ್ಕೆ.

ನನ್ನ ತಲೆಯಲ್ಲಿರೋದು ಇದು. ತೋಪು ಎರಡೂವರೆ ಎಕರೆ. ರಸ್ತೆ ಕಡೆಯ ಇಪ್ಪತ್ತು ಗುಂಟೆ ಬಿಡೋಣ. ಅಲ್ಲಿರೋದು ಹಳೇ ತೋತಾಪುರಿ ಮರಗಳು, ಹೇಗೂ ಅಪ್ಪ ಅವನ್ನು ಬೈಯುತ್ತಲೇ ಇರುತ್ತಾರೆ. ಬಾದಾಮಿ ಮರಗಳನ್ನು ಮುಟ್ಟೋದು ಬೇಡ. ಐದು ಸಣ್ಣ ಮನೆ, ಒಂದೊಂದು ಆರುನೂರು ಚದರ ಅಡಿ. ನಿಮ್ಮದು, ಚಿಕ್ಕಪ್ಪಂದು, ರಾಜಮ್ಮತ್ತೇದು, ಅಣ್ಣಂದು, ನಮ್ಮದು. ಮಧ್ಯೆ ಸಾವಿರ ಚದರ ಅಡಿಯ ಒಂದು ಹಾಲ್, ದೊಡ್ಡ ಒಲೆ, ಜಗಲಿ. ಯಾವುದಕ್ಕೂ ಮೆಟ್ಟಿಲು ಬೇಡ. ಪಾಯ ಒಂದೂವರೆ ಅಡಿ ಎತ್ತರ ಬಂದರೆ ಹದಿನೆಂಟು ಅಡಿ ಉದ್ದದ ಇಳಿಜಾರು ಬೇಕು, ಒಂದಡಿ ಏರೋಕೆ ಹನ್ನೆರಡು ಅಡಿ ಲೆಕ್ಕ. ಮೇಸ್ತ್ರಿ "ಆರಡಿ ಸಾಕು ಬಿಡಿ" ಅನ್ನುತ್ತಾನೆ, ಬಿಡಬೇಡಿ. ಆರಡಿಯಲ್ಲಿ ಕಟ್ಟಿದರೆ ಸ್ಕೂಟರ್ ಹತ್ತುತ್ತೆ, ವೀಲ್‌ಚೇರ್ ಹತ್ತಲ್ಲ. ಬಾಗಿಲು ಮೂರಡಿ ಅಗಲ. ಬಚ್ಚಲಲ್ಲಿ ವೀಲ್‌ಚೇರ್ ತಿರುಗೋಕೆ ಐದಡಿ ಜಾಗ. ವೀಲ್‌ಚೇರ್ ಯಾರಿಗೂ ಬರೋದು ಬೇಡ, ಬಿಡ್ತು ಅನ್ನು. ಆದರೆ ಚಿನ್ನುನ ತಳ್ಳುಗಾಡಿಗೂ ಅಷ್ಟೇ ಜಾಗ ಬೇಕು.

ಹೊಸ್ತಿಲೂ ಬೇಡ ಅಂದರೆ ನೀನು ಪುಟ್ಟಿ ಕೈಲಿರೋ ಕಾಗದ ಕಿತ್ತುಕೊಳ್ಳುತ್ತೀಯ. ಕೇಳು. ನೆಲದ ಮಟ್ಟಕ್ಕೇ ಒಂದು ಮರದ ಹಲಗೆ ಕೂರಿಸೋಣ. ಅರಿಶಿನ ಕುಂಕುಮ ಅದಕ್ಕೇ ಇಡು. ಲಕ್ಷ್ಮಿಯೂ ಎಡವದೆ ಒಳಗೆ ಬರುತ್ತಾಳೆ.

ನೀರಿನ ವಿಷಯ ಅಪ್ಪನಿಗೆ. ನಮ್ಮ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಐದು ಮನೆ, ಹಾಲ್ ಎಲ್ಲ ಸೇರಿ ನಾಲ್ಕು ಸಾವಿರ ಚದರ ಅಡಿ ಸೂರು. ಪೋಲಾಗೋದು ಕಳೆದರೂ ಎರಡು ಲಕ್ಷ ಲೀಟರ್ ಹಿಡಿಯಬಹುದು. ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ ನಲವತ್ತು ಲೋಡ್ ಆಯಿತು! ಸಾವಿರದ ಇನ್ನೂರು ಅಡಿ ಕೊರೆಸಿ ಧೂಳು ಕುಡಿದಿದ್ದೇವಲ್ಲ, ಅದಕ್ಕಿಂತ ವಾಸಿ. ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಕಳಿಸೋ ಕೆ.ಸಿ. ವ್ಯಾಲಿ ನೀರು ಕೆರೆಗಳಿಗೆ ಬಂದಿದ್ದು ಅಂತರ್ಜಲಕ್ಕೆ ಒಳ್ಳೆಯದೇ, ಆದರೆ ಅದನ್ನು ಕುಡಿಯೋಕೆ ಆಗುತ್ತಾ? ಬಚ್ಚಲ ನೀರು ಬಾಳೆ ಬುಡಕ್ಕೆ ಹೋಗಲಿ, ಅಜ್ಜಿ ಕಾಲದಲ್ಲಿ ಹೋಗುತ್ತಿದ್ದ ಹಾಗೆ. ಇಲ್ಲಿಯವರು ಇದನ್ನೇ ಭಾರಿ ಹೆಮ್ಮೆಯಿಂದ ತೋರಿಸುತ್ತಾರೆ, ನಾನೂ ಹೊಸದಾಗಿ ನೋಡಿದವಳ ಹಾಗೆ ತಲೆ ಆಡಿಸುತ್ತೇನೆ.

ಗೋಡೆಗೆ ಸುಟ್ಟ ಇಟ್ಟಿಗೆ ಬೇಡ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಮೆಷಿನ್‌ನಲ್ಲಿ ಒತ್ತುವ ಇಟ್ಟಿಗೆ ಇದೆ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನವರೇ (ಐಐಎಸ್‌ಸಿ) ಎಷ್ಟೋ ವರ್ಷದಿಂದ ಅದರ ಮೇಲೆ ಕೆಲಸ ಮಾಡಿದ್ದಾರೆ.

ಅಣ್ಣ ದುಡ್ಡು ಎಲ್ಲಿ ಅನ್ನುತ್ತಾನೆ. ನ್ಯಾಯವೇ. ಮೊದಲು ಹಾಲ್ ಮತ್ತು ನಿಮ್ಮ ಮನೆ. ಉಳಿದವು ಆದಾಗ ಆಗಲಿ. ಸೂರಿನ ಮೇಲೆ ಮೂರು ಕಿಲೋವ್ಯಾಟ್ ಸೋಲಾರ್ ಹಾಕಿದರೆ ಕೇಂದ್ರದ್ದು 78,000 ರೂಪಾಯಿ ಸಬ್ಸಿಡಿ ಇದೆ, ಅವನೇ ವಿಚಾರಿಸಲಿ. ತೋಪಿನ ಜಾಗದಲ್ಲಿ ಮನೆ ಕಟ್ಟೋಕೆ ಡಿಸಿ ಕನ್ವರ್ಷನ್, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸೋ ಅನುಮತಿ, ಆಗಬೇಕು, ಅದಕ್ಕೆ ಎಷ್ಟು ಚಪ್ಪಲಿ ಸವೆಯುತ್ತೋ ದೇವರಿಗೇ ಗೊತ್ತು. ನನ್ನ ಪಾಲಿನ ಮಾತು ಎತ್ತುತ್ತಿದ್ದೇನೆ ಅಂತ ಅತ್ತಿಗೆ ಅಂದುಕೊಂಡಾರು. ಕಾಗದದಲ್ಲೇ ಹೇಳುತ್ತೇನೆ, ನನಗೆ ಪಾಲು ಬೇಡ, ಒಂದು ಮನೆಯಷ್ಟು ಜಾಗ ಸಾಕು.

ಇದೆಲ್ಲ ಆಗೋಕೆ ವರ್ಷಗಳು ಬೇಕು. ಇಲ್ಲಿಯವರಿಗೂ ಎಂಟು ವರ್ಷ ಹಿಡಿಯಿತು. ಈ ವಾರ ಆಗಬೇಕಾದ್ದು ಬೇರೆ. ಬಚ್ಚಲಿಗೆ ಸ್ಟೀಲ್ ಹಿಡಿಕೆ ಹಾಕಿಸಿ, ಕಮೋಡಿನ ಪಕ್ಕ ಒಂದು, ಸ್ನಾನದ ಕಡೆ ಒಂದು. ಟವೆಲ್ ಸ್ಟ್ಯಾಂಡ್ ಅಲ್ಲ, ಅದನ್ನು ಹಿಡಿದರೆ ಅದೂ ಕಿತ್ತು ಬರುತ್ತೆ. ನುಣುಪು ಟೈಲ್ಸ್ ತೆಗೆಸಿ ಒರಟು ಕಲ್ಲು ಹಾಕಿಸಿ. ರಾತ್ರಿಯೆಲ್ಲ ಒಂದು ಸಣ್ಣ ಬಲ್ಬು ಉರಿಯಲಿ. ಬಾಗಿಲು ಹೊರಗೆ ತೆರೆಯೋ ಹಾಗೆ ತಿರುಗಿಸಿ. ಅಪ್ಪ ಬಾಗಿಲಿಗೆ ಅಡ್ಡ ಬಿದ್ದಿದ್ದರಿಂದ ಅದನ್ನು ಕೀಲಿನಿಂದ ಎತ್ತಿ ತೆಗೆಯಬೇಕಾಯಿತು ಅಂತ ಅಣ್ಣ ಹೇಳಿದ.

ಯಾರು ತೆಗೆದರು ಅಂತಲೂ ಹೇಳಿದ. ನಿನ್ನ ಕಾಗದದಲ್ಲಿ ಅದಿಲ್ಲ. ಸದ್ದು ಕೇಳಿದ್ದು ಚಿಕ್ಕಮ್ಮ. ಗೋಡೆ ಹಾರಿ ಬಂದಿದ್ದು ಚಿಕ್ಕಪ್ಪ. ಅರವತ್ತಾರು ವರ್ಷಕ್ಕೆ! ಬೀದಿ ಸುತ್ತಿ ಬಂದು ತಲೆಬಾಗಿಲು ತಟ್ಟಿ, ನೀನು ಎದ್ದು ತೆಗೆಯೋ ಹೊತ್ತಿಗೆ ಏನಾಗುತ್ತಿತ್ತೋ.

ಪುಟ್ಟಿ, ಇಲ್ಲಿ ಜೋರಾಗಿ ಓದು. ಆ ಗೋಡೆಗೆ ಒಂದು ಗೇಟು ಇಡಿಸಿ. ಮೂರಡಿ ಅಗಲ, ಹೊಸ್ತಿಲು ಬೇಡ. ಮಾತಾಡೋದು ಬಿಡೋದು ನಿಮ್ಮಿಷ್ಟ. ಖರ್ಚು ನಂದು, ನಾಳೆಯೇ ಕಳಿಸುತ್ತೇನೆ.

ನನ್ನ ಚಿಂತೆ ಮಾಡಬೇಡ. ಚಳಿ ಏನೂ ಇಲ್ಲ, ಮೈನಸ್ ಎರಡು ಅಷ್ಟೇ. ಊಟ ಚೆನ್ನಾಗಿ ಮಾಡುತ್ತಿದ್ದೇನೆ, ನಿದ್ದೆಯೂ ಬರುತ್ತಿದೆ. ಯುಗಾದಿಗೆ ಬರುತ್ತೇನೆ. ಅಲ್ಲಿವರೆಗೆ ಅಣ್ಣ ಯಾರ ಹತ್ತಿರವೂ ಅಡ್ವಾನ್ಸ್ ತಗೊಳ್ಳದಿರಲಿ. ಗಂಟೆ ನಾಲ್ಕಾಯಿತು, ಆಗಲೇ ಕತ್ತಲಾಗುತ್ತಿದೆ. ಚಿನ್ನುನ ಕರೆದುಕೊಂಡು ಬರಬೇಕು, ಬಸ್ಸು ತಪ್ಪುತ್ತೆ.

ನಿನ್ನ
ಸುಮಾ

ಮರೆತಿದ್ದೆ. ಆ ಗೋಡೆ ಮೇಲೆ ಅಪ್ಪ ಗಾಜಿನ ಚೂರು ಹಾಕಿಸಿದ್ದರಲ್ವಾ? ಚಿಕ್ಕಪ್ಪನ ಕೈಗೆ ಏನೂ ಆಗಲಿಲ್ಲ ತಾನೆ? ಕೇಳಿ ಬರಿ.